ತೊಟ್ಟೋ, ನೊರೆಯೋ: ನನ್ನ ನೆತ್ತಿಯ ಎರಡು ವರ್ಷ

ಮೊದಲ ರಾತ್ರಿ ಡ್ರಾಪರಿನಿಂದ ಬಿಟ್ಟ ಔಷಧಿ ನೆತ್ತಿ ಮೇಲೆ ನಿಲ್ಲಲೇ ಇಲ್ಲ. ಹಣೆ ದಾಟಿತು, ಹುಬ್ಬು ದಾಟಿತು, ಕಣ್ಣಿನ ಮೂಲೆಗೆ ಬಂದಾಗ ಉರಿ ಶುರುವಾಯಿತು. ಒಂದು ಕೈಯಲ್ಲಿ ಡ್ರಾಪರ್, ಇನ್ನೊಂದು ಕೈಯಲ್ಲಿ ಟವೆಲ್. ಅಳೆದು ತೆಗೆದಿದ್ದ ಒಂದು ಎಂಎಲ್‌ನಲ್ಲಿ ಅರ್ಧದಷ್ಟನ್ನು ಟವೆಲ್ ಕುಡಿದಿತ್ತು. ಹೆಂಡತಿ ಬಾಗಿಲಲ್ಲಿ ನಿಂತು, ‘ಇನ್ನು ಟವೆಲ್‌ಗೆ ಕೂದಲು ಬರೋದೊಂದು ಬಾಕಿ’ ಅಂತ ನಕ್ಕಳು.

ಅದಾಗಿ ಎರಡು ವರ್ಷ ಆಯಿತು. ಔಷಧಿ ಹೆಸರು ಮಿನಾಕ್ಸಿಡಿಲ್, ಕೂದಲು ಬರಲಿ ಅಂತ ನೆತ್ತಿಗೆ ಹಚ್ಚೋದು. ಮೊದಲ ಏಳು ತಿಂಗಳು ಅದರ ಲಿಕ್ವಿಡ್, ಆಮೇಲಿಂದ ಫೋಮ್, ಅಂದರೆ ನೊರೆ. ನನ್ನ ಅಕ್ಕನದು ಉಲ್ಟಾ ಕಥೆ. ನನ್ನ ಮಾತು ಕೇಳಿ ಫೋಮ್ ತಗೊಂಡಳು, ನನಗೆ ಬೈದಳು, ಲಿಕ್ವಿಡ್‌ಗೆ ಹೋದಳು. ಈಗ ಇಬ್ಬರೂ ನೆಮ್ಮದಿಯಾಗಿದ್ದೀವಿ. ಹೀಗಾಗಿ ಯಾರಾದರೂ ‘ಯಾವುದು ಒಳ್ಳೇದು’ ಅಂತ ಕೇಳಿದರೆ ಒಂದೇ ಸಾಲಿನಲ್ಲಿ ಉತ್ತರ ಕೊಡೋಕೆ ನನಗೆ ಆಗಲ್ಲ. ಉದ್ದಕ್ಕೆ ಹೇಳ್ತೀನಿ, ಕೂತು ಓದಿ.

ಶುರು ಮಾಡೋಕೆ ಮೊದಲು ಒಂದು ಮಾತು. ಕೂದಲು ಉದುರೋದು ಎಲ್ಲಾ ಒಂದೇ ಅಲ್ಲ. ನನ್ನದು ಅಪ್ಪನಿಂದ ಬಂದ ಥರದ್ದು. ಸುಳಿಯ ಹತ್ತಿರ ವರ್ಷ ವರ್ಷ ಕೂದಲು ಸಣ್ಣಗಾಗುತ್ತಾ, ತೆಳುವಾಗುತ್ತಾ ಹೋಗೋದು. ಮಿನಾಕ್ಸಿಡಿಲ್‌ಗೆ ನೆತ್ತಿಗೆ ಹಚ್ಚೋಕೆ ಅಂತ ಒಪ್ಪಿಗೆ ಸಿಕ್ಕಿರೋದು ಇದಕ್ಕೇ. ಇದ್ದಕ್ಕಿದ್ದಂತೆ ನಾಣ್ಯದ ಹಾಗೆ ದುಂಡಗೆ ಒಂದು ಜಾಗ ಬೋಳಾದರೆ, ಹೆರಿಗೆ ಆದಮೇಲೆ ಗೊಂಚಲು ಗೊಂಚಲಾಗಿ ಬಂದರೆ, ಜೋರು ಜ್ವರ ಬಂದು ಎರಡು ಮೂರು ತಿಂಗಳಿಗೆ ಉದುರಿದರೆ, ತಲೆ ಕೆಂಪಾಗಿ ನೋಯುತ್ತಿದ್ದರೆ, ಈ ಬರಹ ಬಿಟ್ಟು ಚರ್ಮದ ಡಾಕ್ಟರ ಹತ್ತಿರ ಹೋಗಿ. ಬಾಟಲಿ ಯಾವುದು ಅನ್ನೋ ಪ್ರಶ್ನೆ ಆಮೇಲಿನದು.

ಈಗ ಬಾಟಲಿ ಒಳಗೆ ಏನಿದೆ ಅಂತ ನೋಡೋಣ. ಮಿನಾಕ್ಸಿಡಿಲ್ ಹುಟ್ಟಿದ್ದು ಕೂದಲಿಗಲ್ಲ, ಬಿಪಿಗೆ. ಅಮೆರಿಕದ ಅಪ್‌ಜಾನ್ ಕಂಪನಿ ಮಾಡಿದ ಮಾತ್ರೆ, ಅಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 1979ರಲ್ಲಿ. ರಕ್ತನಾಳ ಹಿಗ್ಗಿಸಿ ಬಿಪಿ ಇಳಿಸೋ ಔಷಧಿ. ಆದರೆ ತಗೊಂಡವರಿಗೆ ಕೈ, ಬೆನ್ನು, ಮುಖ ಅಂತ ಎಲ್ಲೆಂದರಲ್ಲಿ ಕೂದಲು ಬೆಳೆಯತೊಡಗಿತು. ಬೇಡದ ಕಡೆ ಬಂದ ಕೂದಲನ್ನ ಬೇಕಾದ ಕಡೆ ತರಿಸೋಣ ಅಂತ ಹೊರಟವರು ಅದನ್ನ ದ್ರವದಲ್ಲಿ ಕರಗಿಸಿ ನೆತ್ತಿಗೆ ಹಚ್ಚಿದರು. 2% ಲಿಕ್ವಿಡ್ ಗಂಡಸರಿಗೆ ಅಂತ 1988ರಲ್ಲಿ ಬಂತು, ಹೆಂಗಸರಿಗೆ 1991ರಲ್ಲಿ, 5% 1997ರಲ್ಲಿ, ಫೋಮ್ 2006ರಲ್ಲಿ. ಇಷ್ಟೂ ವರ್ಷ ಔಷಧಿ ಅದೇ. ಬದಲಾದದ್ದು ಎಷ್ಟು ಹಾಕಿದ್ದಾರೆ, ಯಾವುದರಲ್ಲಿ ಕರಗಿಸಿದ್ದಾರೆ ಅನ್ನೋದು ಅಷ್ಟೇ.

ಯಾವುದರಲ್ಲಿ ಕರಗಿಸಿದ್ದಾರೆ ಅನ್ನೋದೇ ಇಲ್ಲಿ ಮುಖ್ಯ. ನನಗೆ ಇದು ಏಳು ತಿಂಗಳು ತಡವಾಗಿ ಗೊತ್ತಾಯಿತು.

ಮಿನಾಕ್ಸಿಡಿಲ್ ನೀರಲ್ಲಿ ಸುಲಭವಾಗಿ ಕರಗಲ್ಲ. ಅದಕ್ಕೆ ಆಲ್ಕೋಹಾಲ್ ಬೇಕು, ಜೊತೆಗೆ ಪ್ರೊಪಿಲೀನ್ ಗ್ಲೈಕಾಲ್ ಅನ್ನೋ ಸ್ವಲ್ಪ ಮಂದವಾದ, ಬಣ್ಣ ಇಲ್ಲದ ದ್ರವ ಬೇಕು. ಮೊದಲು ಬಂದ ರೋಗೇನ್ ಬ್ರ್ಯಾಂಡಿನ 2% ಬಾಟಲಿಯಲ್ಲಿ ಆಲ್ಕೋಹಾಲ್ 60 ಭಾಗ, ಗ್ಲೈಕಾಲ್ 20 ಭಾಗ, ಉಳಿದದ್ದು ನೀರು. 5% ಬಾಟಲಿಯಲ್ಲಿ ಆಲ್ಕೋಹಾಲ್ 30ಕ್ಕೆ ಇಳಿದು ಗ್ಲೈಕಾಲ್ 50ಕ್ಕೆ ಏರುತ್ತದೆ. ಅಂದರೆ ಅರ್ಧ ಬಾಟಲಿ ಗ್ಲೈಕಾಲ್! ಆಲ್ಕೋಹಾಲ್ ಹಾರಿಹೋಗುತ್ತೆ, ಗ್ಲೈಕಾಲ್ ಹಾರಲ್ಲ, ಕೂತಲ್ಲೇ ಕೂತಿರುತ್ತೆ. 5% ಲಿಕ್ವಿಡ್ ಅಂಟಂಟು ಆಗೋದು, ಒಣಗೋಕೆ ಗಂಟೆಗಟ್ಟಲೆ ತಗೊಳ್ಳೋದು ಅದಕ್ಕೇ. ಕೆಲವರ ಚರ್ಮಕ್ಕೆ ಅದು ಆಗಿಬರಲ್ಲ. ಕೆರೆತ, ಕೆಂಪು, ಹೊಟ್ಟು. ‘5% ನನಗೆ ತುಂಬಾ ಸ್ಟ್ರಾಂಗ್ ಆಯ್ತು’ ಅನ್ನೋರಲ್ಲಿ ಸುಮಾರು ಜನಕ್ಕೆ ಕಾಟ ಕೊಟ್ಟಿರೋದು ಔಷಧಿ ಅಲ್ಲ, ಅದನ್ನ ಹೊತ್ತು ತಂದ ಗ್ಲೈಕಾಲ್.

ನನಗೂ ಅದೇ ಆಗಿತ್ತು. ಆದರೆ ನಾನು ಅಂದುಕೊಂಡಿದ್ದು ಬೇರೆ.

ಮೂರನೇ ವಾರಕ್ಕೆ ತಲೆ ಕೆರೆಯೋಕೆ ಶುರುವಾಯಿತು. ಕಪ್ಪು ಶರ್ಟ್ ಹಾಕಿದರೆ ಭುಜದ ಮೇಲೆ ಬಿಳಿ ಪುಡಿ. ಹೊಟ್ಟು ಜಾಸ್ತಿ ಆಗಿದೆ ಅಂತ ಹೊಟ್ಟಿನ ಶಾಂಪೂ ತಂದೆ. ಶಾಂಪೂ ಹಾಕಿದ ದಿನ ಎಲ್ಲಾ ಚೆನ್ನಾಗಿರೋದು, ಮಾರನೇ ದಿನ ಮತ್ತೆ ಅದೇ ಪುಡಿ. ಒಂದು ದಿನ ಬೆರಳಲ್ಲಿ ತಗೊಂಡು ಬೆಳಕಿಗೆ ಹಿಡಿದು ನೋಡಿದೆ. ಹೊಟ್ಟು ಮೆತ್ತಗೆ, ಜಿಡ್ಡಾಗಿ, ಹಾಳೆ ಹಾಳೆಯಾಗಿ ಬರುತ್ತೆ ಅಲ್ವಾ, ಇದು ಹಾಗಿರಲಿಲ್ಲ. ನುಣ್ಣಗೆ, ಒಣಗಿ, ಉಪ್ಪಿನ ಹರಳಿನ ಥರ. ದ್ರವ ಒಣಗಿದ ಮೇಲೆ ಉಳಿಯೋ ಔಷಧಿಯ ಹರಳು ಅದು ಅಂತ ಆಮೇಲೆ ಡಾಕ್ಟರ್ ಹೇಳಿದರು. ಅಂದರೆ ನೆತ್ತಿ ಒಳಗೆ ಹೋಗಬೇಕಾದದ್ದು ಶರ್ಟ್ ಮೇಲೆ ಉದುರುತ್ತಿತ್ತು, ನಾನು ಅದನ್ನ ಶಾಂಪೂ ಹಾಕಿ ತೊಳೆಯುತ್ತಿದ್ದೆ.

ಇದರ ನಡುವೆ ಕೂದಲು ಇನ್ನೂ ಜಾಸ್ತಿ ಉದುರಿತು. ಇದಕ್ಕೆ ಮಾತ್ರ ನಾನು ತಯಾರಾಗಿದ್ದೆ, ಯಾಕಂದರೆ ಓದಿಕೊಂಡಿದ್ದೆ. ಮೊದಲ ಎರಡರಿಂದ ಎಂಟು ವಾರ ಹೀಗಾಗೋದು ಮಾಮೂಲಿ. ಮಲಗಿರೋ ಬೇರನ್ನ ಔಷಧಿ ಎಬ್ಬಿಸಿದಾಗ, ಹೊಸ ಕೂದಲು ಹೊರಡುತ್ತೆ, ಹಳೇದು ಜಾಗ ಬಿಡುತ್ತೆ. ಹೆದರಿ ಇಲ್ಲೇ ಬಿಟ್ಟುಬಿಡೋರು ಬಹಳ ಜನ. ಲಿಕ್ವಿಡ್ ಆಗಲಿ, ಫೋಮ್ ಆಗಲಿ ಇದು ಆಗಬಹುದು, ಹಾಗಾಗಿ ‘ಇದರಿಂದ ಉದುರ್ತಿದೆ, ಅದಕ್ಕೆ ಹೋಗ್ತೀನಿ’ ಅಂತ ಎರಡನೇ ತಿಂಗಳಲ್ಲಿ ಬಾಟಲಿ ಬದಲಿಸೋದು ಸುಮ್ನೆ ವೇಸ್ಟ್.

ಏಳನೇ ತಿಂಗಳಿಗೆ ಚರ್ಮದ ಡಾಕ್ಟರ ಹತ್ತಿರ ಹೋದೆ. ‘ಕೆಲಸ ಮಾಡ್ತಿಲ್ಲ ಡಾಕ್ಟರೇ, ಇನ್ನೂ ಸ್ಟ್ರಾಂಗ್ ಇರೋದು ಕೊಡಿ’ ಅಂದೆ. 10% ಇದೆ, 15% ಇದೆ ಅಂತ ಎಲ್ಲೋ ನೋಡಿದ್ದೆ. ಅವರು ತಲೆಗೆ ಲೈಟ್ ಇರೋ ಭೂತಗನ್ನಡಿ ಥರದ್ದೊಂದನ್ನ ಇಟ್ಟು ನೋಡಿದರು. ಆಮೇಲೆ ನಾನು ನಿರೀಕ್ಷೆ ಮಾಡದ ಪ್ರಶ್ನೆ ಕೇಳಿದರು.

‘ಏಳು ತಿಂಗಳಲ್ಲಿ ಎಷ್ಟು ಬಾಟಲಿ ಖಾಲಿ ಮಾಡಿದ್ರಿ?’

ಲೆಕ್ಕ ಹಾಕಿದೆ. ನಾಲ್ಕು. ನಾಲ್ಕನೆಯದರಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು.

‘ಬಾಟಲಿ 60 ಎಂಎಲ್. ಒಂದು ಸಲಕ್ಕೆ ಒಂದು ಎಂಎಲ್, ದಿನಕ್ಕೆ ಎರಡು ಸಲ. ತಿಂಗಳಿಗೆ ಒಂದು ಬಾಟಲಿ ಹೋಗಬೇಕು. ನೀವು ಏಳು ತಿಂಗಳು ಹಚ್ಚಿಲ್ಲ, ನಾಲ್ಕು ತಿಂಗಳಿಗೂ ಕಮ್ಮಿ ಹಚ್ಚಿದ್ದೀರಿ.’

ಮುಖ ಬಿದ್ದುಹೋಯಿತು. ಆದರೆ ಲೆಕ್ಕ ಸರಿಯಾಗಿತ್ತು. ಬೆಳಿಗ್ಗೆ ಹಚ್ಚಿದರೆ ಕೂದಲು ಎಳೆ ಎಳೆಯಾಗಿ ಅಂಟಿಕೊಂಡು, ಸ್ನಾನ ಮಾಡದೇ ಮೂರು ದಿನ ಆದವನ ಥರ ಕಾಣುತ್ತಿದ್ದೆ. ಕೆಲಸಕ್ಕೆ ಹೋಗೋ ದಿನ ಬೆಳಿಗ್ಗೆ ಹಚ್ಚೋದನ್ನ ಯಾವಾಗಲೋ ಬಿಟ್ಟಿದ್ದೆ. ರಾತ್ರಿ ಹಚ್ಚಿದರೆ ಮಲಗೋಕೆ ಎರಡರಿಂದ ನಾಲ್ಕು ಗಂಟೆ ಮೊದಲೇ ಹಚ್ಚಬೇಕು, ಇಲ್ಲದಿದ್ದರೆ ದಿಂಬಿಗೆ ಹತ್ತಿ, ದಿಂಬಿನಿಂದ ಕೆನ್ನೆಗೆ ಹತ್ತುತ್ತೆ. ನಿದ್ದೆ ಬಂದಾಗ ಯಾರಿಗೆ ನೆನಪಿರುತ್ತೆ? ನನ್ನ ಕಿವಿ ಮುಂದೆ, ಕೆನ್ನೆ ಮೇಲೆ, ಗಡ್ಡ ಬರದ ಜಾಗದಲ್ಲಿ ಸಣ್ಣ ರೋಮ ಎದ್ದಿದ್ದು ಡಾಕ್ಟರ್ ತೋರಿಸಿದ ಮೇಲೇ ಕಂಡಿದ್ದು. ಔಷಧಿ ಕೆಲಸ ಮಾಡ್ತಿತ್ತು. ನೆತ್ತಿ ಬಿಟ್ಟು ದಿಂಬಿನ ದಾರಿಯಲ್ಲಿ.

ಅವತ್ತು ಅವರು ಹೇಳಿದ್ದನ್ನ ನನ್ನ ಮಾತಲ್ಲಿ ಹೇಳ್ತೀನಿ. 5%ಗಿಂತ ಜಾಸ್ತಿ ಇರೋದಕ್ಕೆ ಎಫ್‌ಡಿಎ ಒಪ್ಪಿಗೆಯೇ ಇಲ್ಲ, ಅದರ ಹಿಂದೆ ಓಡಬೇಡಿ. ಗಂಡಸರಲ್ಲಿ 2% ಮತ್ತು 5% ಪಕ್ಕದಲ್ಲಿಟ್ಟು 48 ವಾರ ನೋಡಿದ ಒಂದು ಪರೀಕ್ಷೆ 2002ರಲ್ಲಿ ಬಂದಿದೆ. ಅದರಲ್ಲಿ 5% ಹಚ್ಚಿದವರಿಗೆ 45% ಜಾಸ್ತಿ ಕೂದಲು ಬಂದಿತ್ತು. ಹಾಗಾಗಿ 2ರಿಂದ 5ಕ್ಕೆ ಹೋಗೋದರಲ್ಲಿ ಅರ್ಥ ಇದೆ. ಆದರೆ 5% ಬಾಟಲಿ ಇಟ್ಟುಕೊಂಡು ಅರ್ಧ ದಿನ ಹಚ್ಚದೇ ಇರೋನು ಆ ಲಾಭ ಪೂರ್ತಿ ಕೈಬಿಟ್ಟ ಹಾಗೇ. ಕೆರೆತ ಇರೋದರಿಂದ ಎರಡು ವಾರ ಏನೂ ಹಚ್ಚಬೇಡಿ, ಆಮೇಲೆ ಫೋಮ್ ಶುರು ಮಾಡಿ. ಫೋಮ್‌ನಲ್ಲಿ ಪ್ರೊಪಿಲೀನ್ ಗ್ಲೈಕಾಲ್ ಇಲ್ಲ. ಅದರಲ್ಲೂ ಕೆರೆತ ಬಂದರೆ ಮಿನಾಕ್ಸಿಡಿಲ್ಲೇ ಆಗಿಬರುತ್ತಿಲ್ಲವೋ, ಫೋಮ್‌ನಲ್ಲಿರೋ ಬೇರೇನಾದರೂ ಆಗಿಬರುತ್ತಿಲ್ಲವೋ ಅಂತ ಬೆನ್ನಿಗೆ ಪಟ್ಟಿ ಅಂಟಿಸಿ ಟೆಸ್ಟ್ ಮಾಡಿ ನೋಡೋಣ.

ಕೆರೆದು ಗಾಯ ಆದ ನೆತ್ತಿಗೆ ಹಚ್ಚಬೇಡಿ ಅಂತಲೂ ಹೇಳಿದರು. ಚೆನ್ನಾಗಿರೋ ಚರ್ಮದಿಂದ ರಕ್ತಕ್ಕೆ ಸೇರೋದು ಹಚ್ಚಿದ್ದರಲ್ಲಿ ಸರಾಸರಿ 1.4% ಮಾತ್ರ. ಚರ್ಮ ಒಡೆದಿದ್ದರೆ ಜಾಸ್ತಿ ಸೇರುತ್ತೆ, ಮೂಲದಲ್ಲಿ ಇದು ಬಿಪಿ ಔಷಧಿ ಅನ್ನೋದು ನೆನಪಿರಲಿ. ಎದೆ ಹೊಡೆದುಕೊಳ್ಳೋದು, ತಲೆ ಸುತ್ತೋದು, ಕೈಕಾಲು ಊದೋದು ಕಂಡರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ತೋರಿಸಬೇಕು.

ಸರಿ, ಫೋಮ್ ಬಂತು. ಮೊದಲ ಬೆಳಿಗ್ಗೆಯೇ ಎಡವಟ್ಟು.

ಬಿಸಿನೀರಿನ ಸ್ನಾನ ಮುಗಿಸಿ, ಬೆಚ್ಚಗಿನ ಅಂಗೈಗೆ ನೊರೆ ಒತ್ತಿಕೊಂಡೆ. ಬಿಳಿ ಗುಪ್ಪೆ ಚೆಂದವಾಗಿ ಬಂತು. ಕನ್ನಡಿ ಕಡೆ ತಿರುಗೋ ಅಷ್ಟರಲ್ಲಿ ಅದು ಕುಸಿದು ನೀರಾಗಿ ಬೆರಳ ಸಂದಿಯಿಂದ ಸಿಂಕಿಗೆ ಹೋಯಿತು. ಈ ನೊರೆ ಮೈ ಬಿಸಿಗೆ ಕರಗೋ ಹಾಗೇ ಮಾಡಿರೋದು, ನೆತ್ತಿ ಮೇಲೆ ಕರಗಲಿ ಅಂತ. ನನ್ನದು ಅಂಗೈ ಮೇಲೇ ಕರಗಿತ್ತು. ಡಬ್ಬಿ ಜೊತೆ ಬಂದ ಕಾಗದದಲ್ಲಿ ಬರೆದೇ ಇದೆ, ಮೊದಲು ಬೆರಳನ್ನ ತಣ್ಣೀರಲ್ಲಿ ತೊಳೆದು ಒರೆಸಿಕೊಳ್ಳಿ ಅಂತ. ಓದೋರು ಯಾರು!

ಈಗ ನಾನು ಮಾಡೋದು ಹೀಗೆ. ಕೂದಲು, ನೆತ್ತಿ ಎರಡೂ ಪೂರ್ತಿ ಒಣಗಿರಬೇಕು. ಬೆರಳಿಗೆ ತಣ್ಣೀರು. ಡಬ್ಬಿಯನ್ನ ತಲೆಕೆಳಗೆ ಹಿಡಿದು ಅದರ ಮುಚ್ಚಳದ ಒಳಗೇ ಅರ್ಧ ಮುಚ್ಚಳದಷ್ಟು ಒತ್ತಿಕೊಳ್ಳುತ್ತೇನೆ, ಅದು ಸುಮಾರು ಒಂದು ಗ್ರಾಂ. ಪ್ಲಾಸ್ಟಿಕ್ ಮುಚ್ಚಳದಲ್ಲಿ ಅದು ಬೇಗ ಕರಗಲ್ಲ. ಎಡಗೈಯಲ್ಲಿ ಸುಳಿಯ ಹತ್ತಿರದ ಕೂದಲನ್ನ ಬಿಡಿಸಿ ಹಿಡಿದು, ಬಲಗೈ ತುದಿಬೆರಳಲ್ಲಿ ಚೂರು ಚೂರೇ ತೆಗೆದು ಚರ್ಮಕ್ಕೆ ಮುಟ್ಟಿಸಿ ಒತ್ತುತ್ತೇನೆ. ಉಜ್ಜೋದಲ್ಲ, ಒತ್ತೋದು. ಉಜ್ಜಿದರೆ ನೊರೆ ಎಲ್ಲಾ ಕೂದಲಿಗೇ ಹೋಗುತ್ತೆ, ಚರ್ಮಕ್ಕೆ ತಲುಪಲ್ಲ. ಇದೂ ಗೊತ್ತಾಗೋಕೆ ನನಗೆ ಒಂದು ತಿಂಗಳು ಹಿಡಿಯಿತು. ಅಲ್ಲಿವರೆಗೂ ಕ್ಷೌರದ ಕ್ರೀಮ್ ಥರ ತಲೆತುಂಬಾ ಬಳಿದುಕೊಳ್ಳುತ್ತಿದ್ದೆ. ಕೂದಲಿಗೆ ಮಿನಾಕ್ಸಿಡಿಲ್ ಹಚ್ಚಿ ಏನು ಮಾಡ್ತೀರಿ, ಹೊರಗೆ ಬಂದಿರೋ ಕೂದಲು ಜೀವ ಇಲ್ಲದ್ದು. ಕೆಲಸ ಏನಿದ್ದರೂ ಚರ್ಮದ ಕೆಳಗೆ, ಬೇರಿನ ಹತ್ತಿರ.

ಹಚ್ಚಿ ಹತ್ತು ಹದಿನೈದು ನಿಮಿಷಕ್ಕೆ ಕೈಗೆ ಒದ್ದೆ ಅನ್ನಿಸಲ್ಲ. ಹಾಗಂತ ತಕ್ಷಣ ಟೋಪಿ ಹಾಕೋದು, ತಲೆ ತೊಳೆಯೋದು ಬೇಡ, ನಾಲ್ಕು ಗಂಟೆ ತಲೆಗೆ ನೀರು ಹಾಕಲ್ಲ. ಕೂದಲು ಅಂಟಲ್ಲ. ಸ್ವಲ್ಪ ಬಿರುಸಾಗುತ್ತೆ, ನನ್ನಂಥ ತೆಳು ಕೂದಲಿನವನಿಗೆ ಅದು ವರ. ತುಂಬಿದ ಹಾಗೆ ಕಾಣುತ್ತೆ. ಕೆರೆತ ಮೂರು ವಾರದಲ್ಲಿ ಹೋಯಿತು. ಬೆಳಗಿನ ಡೋಸ್ ತಪ್ಪೋದು ನಿಂತಿತು. ಡಬ್ಬಿ ಈಗ ಸರಿಯಾಗಿ ತಿಂಗಳಿಗೆ ಖಾಲಿ ಆಗುತ್ತೆ.

ಫೋಮಿನ ತೊಂದರೆನೂ ಹೇಳಿಬಿಡ್ತೀನಿ. ಸಾಮಾನ್ಯವಾಗಿ ಲಿಕ್ವಿಡ್‌ಗಿಂತ ದುಬಾರಿ. ಡಬ್ಬಿಯಲ್ಲಿ ಒತ್ತಡದ ಅನಿಲ ಇರುತ್ತೆ, ಜೊತೆಗೆ ಆಲ್ಕೋಹಾಲ್, ಎರಡೂ ಬೆಂಕಿ ಹಿಡಿಯೋವು. ಒಲೆ ಹತ್ತಿರ ನಿಂತು ತಲೆಗೆ ಹಚ್ಚಬೇಡಿ, ಹಚ್ಚಿದ ಕೂಡಲೇ ಸಿಗರೇಟು ಬೇಡ, ಬಿಸಿಲಲ್ಲಿ ನಿಂತ ಕಾರಲ್ಲಿ ಡಬ್ಬಿ ಬಿಡಬೇಡಿ. ಅಳತೆನೂ ಲಿಕ್ವಿಡ್‌ನಷ್ಟು ಖಚಿತ ಇಲ್ಲ. ಡ್ರಾಪರ್ ಮೇಲೆ ಗೆರೆ ಇರುತ್ತೆ, ಒಂದು ಎಂಎಲ್ ಅಂದರೆ ಒಂದು ಎಂಎಲ್. ಅರ್ಧ ಮುಚ್ಚಳ ಅನ್ನೋದು ಅವರವರ ಕಣ್ಣಳತೆ.

ಇಷ್ಟು ಸುಖ ಸಿಕ್ಕ ಮೇಲೆ ಸುಮ್ಮನಿರೋಕಾಗುತ್ತಾ? ಅಕ್ಕನಿಗೆ ಫೋನ್ ಮಾಡಿದೆ. ಅವಳಿಗೆ ಬೈತಲೆ ಅಗಲ ಆಗುತ್ತಾ ಬಂದಿತ್ತು. ಹೆಂಗಸರಿಗೆ ಸಾಮಾನ್ಯವಾಗಿ ಹಾಗೇ ಆಗೋದು, ಹಣೆಯ ಅಂಚು ಹಾಗೇ ಇರುತ್ತೆ, ನಡುವೆ ತೆಳುವಾಗುತ್ತೆ. ಡಾಕ್ಟರ್ ಅವಳಿಗೆ ಎರಡು ದಾರಿ ಹೇಳಿದ್ದರು: 2% ಲಿಕ್ವಿಡ್ ದಿನಕ್ಕೆ ಎರಡು ಸಲ, ಇಲ್ಲವೇ 5% ಫೋಮ್ ದಿನಕ್ಕೆ ಒಂದೇ ಸಲ. ಹೆಂಗಸರ ಫೋಮಿಗೆ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 2014ರಲ್ಲಿ. ಗಂಡಸರ 5% ಲಿಕ್ವಿಡ್ ಮೇಲೆ ಹೆಂಗಸರಿಗಲ್ಲ ಅಂತ ಬರೆದಿರುತ್ತೆ, ಮುಖಕ್ಕೆ ಕೂದಲು ಬರಬಹುದು ಅನ್ನೋ ಕಾರಣಕ್ಕೆ. ಬಸುರಿಯರು, ಹಾಲೂಡಿಸೋರು ಇದನ್ನ ಮುಟ್ಟದೇ ಇರೋದೇ ಒಳ್ಳೇದು.

‘ಒಂದೇ ಸಲ ಹಚ್ಚೋದು ಅಕ್ಕ, ಒಣಗೋದೂ ಬೇಗ. ಕಣ್ಣು ಮುಚ್ಚಿ ಫೋಮ್ ತಗೋ’ ಅಂದೆ.

ಎರಡು ವಾರ ಬಿಟ್ಟು ಅವಳೇ ಫೋನ್ ಮಾಡಿದಳು.

‘ಲೋ, ನಿನ್ನ ತಲೇಲಿ ಇರೋದು ಎರಡು ಇಂಚು ಕೂದಲು. ನನ್ನದು ಸೊಂಟದವರೆಗೆ ಇದೆ. ಯೋಚನೆ ಮಾಡಿ ಹೇಳ್ಬೇಕು ತಾನೇ?’

ನಿಜ. ನೊರೆ ಅವಳ ಕೂದಲ ಮೇಲೇ ಸೋಪಿನ ನೊರೆ ಥರ ನೇತಾಡುತ್ತಿತ್ತಂತೆ. ಬೈತಲೆ ತೆಗೆದು ಒಂದು ಕಡೆ ಒತ್ತೋ ಅಷ್ಟರಲ್ಲಿ ಪಕ್ಕದ ಕೂದಲು ಬಂದು ಬೀಳೋದು, ನೊರೆ ಎಲ್ಲಾ ಅದಕ್ಕೆ ಹತ್ತೋದು. ದಟ್ಟ ಉದ್ದ ಕೂದಲಿನ ನಡುವಿನಿಂದ ಚರ್ಮ ಮುಟ್ಟೋಕೆ ಸಣ್ಣ ಮೂತಿಯೇ ಬೇಕು. ನೊರೆಗೆ ಮೂತಿ ಇಲ್ಲ. ಅವಳು ಡಾಕ್ಟರನ್ನ ಕೇಳಿ 2% ಲಿಕ್ವಿಡ್‌ಗೆ ಬದಲಾದಳು. ಚೂಪು ಹಿಡಿಯ ಬಾಚಣಿಗೆಯಿಂದ ಬೈತಲೆ ತೆಗೆದು, ಅದರ ಉದ್ದಕ್ಕೂ ತೊಟ್ಟು ತೊಟ್ಟು ಬಿಟ್ಟು, ಬೆರಳಲ್ಲಿ ಒತ್ತಿ, ಅರ್ಧ ಇಂಚು ಪಕ್ಕಕ್ಕೆ ಇನ್ನೊಂದು ಬೈತಲೆ. ಹೀಗೆ ಐದಾರು ಸಾಲು. ನಾಲ್ಕು ನಿಮಿಷದ ಕೆಲಸ. 2%ನಲ್ಲಿ ಗ್ಲೈಕಾಲ್ ಕಡಿಮೆ ಅಲ್ವಾ, ಅವಳಿಗೆ ಕೆರೆತವೂ ಬಂದಿಲ್ಲ. ಅವಳ ಬಾಟಲಿ ಜೊತೆ ಡ್ರಾಪರ್, ಸ್ಪ್ರೇ ಎರಡೂ ಇತ್ತು. ಸ್ಪ್ರೇ ಒಂದೇ ದಿನಕ್ಕೆ ಮೂಲೆ ಸೇರಿತು. ಅರ್ಧ ಕೂದಲಿಗೆ, ಅರ್ಧ ಗಾಳಿಗೆ ಹೋಗುತ್ತೆ, ಮೂಗಿಗೂ ಬರುತ್ತೆ. ಪೂರ್ತಿ ಬೋಳಾದ ಜಾಗಕ್ಕೆ ಸ್ಪ್ರೇ ನಡೆಯುತ್ತೆ, ಕೂದಲಿರೋ ಕಡೆ ನನ್ನ ಓಟು ಡ್ರಾಪರಿಗೇ.

ಅವಳ ಮನೆಯಲ್ಲಿ ಇನ್ನೊಂದು ಸಮಸ್ಯೆ ಇತ್ತು. ಬೆಕ್ಕು.

ಇದನ್ನ ಸ್ವಲ್ಪ ನಿಂತು ಓದಿ, ಮನೆಯಲ್ಲಿ ಬೆಕ್ಕಿದ್ದರೆ ಖಂಡಿತ ಓದಿ. ಮಿನಾಕ್ಸಿಡಿಲ್ ಬೆಕ್ಕಿಗೆ ವಿಷ. ತಮಾಷೆ ಅಲ್ಲ. ನಮ್ಮ ಕೈಗೆ ಅಂಟಿದ್ದನ್ನ ನೆಕ್ಕಿ, ದಿಂಬಿನ ಮೇಲೆ ಮಲಗಿ ಆಮೇಲೆ ಮೈ ನೆಕ್ಕಿಕೊಂಡು, ಅಷ್ಟರಿಂದಲೇ ಬೆಕ್ಕುಗಳು ಸತ್ತಿವೆ. ಹೃದಯ, ಶ್ವಾಸಕೋಶಕ್ಕೆ ಹೊಡೆಯುತ್ತೆ. ನಾಯಿಗೂ ಒಳ್ಳೇದಲ್ಲ. ಅಕ್ಕನ ಬೆಕ್ಕಿಗೆ ಅವಳ ತಲೆ ಪಕ್ಕದ ದಿಂಬೇ ಹಾಸಿಗೆ, ಬೆಳಿಗ್ಗೆ ಅವಳ ಕೂದಲು ನೆಕ್ಕಿ ಎಬ್ಬಿಸೋ ಅಭ್ಯಾಸ ಬೇರೆ. ಪ್ರಾಣಿ ಡಾಕ್ಟರ್ ಹೇಳಿದ ಮೇಲೆ ಅವಳು ಒಂದು ವಾರ ಔಷಧಿನೇ ನಿಲ್ಲಿಸಿದ್ದಳು. ‘ಕೂದಲು ಹೋದ್ರೆ ಹೋಗ್ಲಿ, ಬೆಕ್ಕು ಬೇಕು ನಂಗೆ’ ಅಂದಳು. ಬೇಗ ಒಣಗುತ್ತೆ ಅಂತ ನಾನು ಮತ್ತೆ ಫೋಮಿನ ಹೆಸರು ಎತ್ತಿ ಬೈಸಿಕೊಂಡೆ. ಒಣಗಿದ ಮೇಲೂ ಔಷಧಿ ಕೂದಲ ಮೇಲೆ ಇದ್ದೇ ಇರುತ್ತೆ, ನೆಕ್ಕಿದರೆ ಹೋಗೋದು ಹೊಟ್ಟೆಗೇ. ಅವಳು ಹೇಳಿದ್ದೇ ಸರಿ. ಕೊನೆಗೆ ಬೆಕ್ಕಿಗೆ ಮಲಗೋ ಕೋಣೆ ಪೂರ್ತಿ ಬಂದ್. ದಿಂಬಿನ ಕವರ್ ಎರಡು ದಿನಕ್ಕೊಮ್ಮೆ ಒಗೆತ. ಹಚ್ಚಿದ ಕೈ ಸೋಪು ಹಾಕಿ ತೊಳೆದು, ಕೂದಲನ್ನ ಬಟ್ಟೆಯಲ್ಲಿ ಕಟ್ಟಿಕೊಂಡೇ ಬೆಕ್ಕನ್ನ ಎತ್ತಿಕೊಳ್ಳೋದು. ಬಾಟಲಿ ಬೀಗ ಹಾಕೋ ಕಪಾಟಿನಲ್ಲಿ.

ಇನ್ನು ‘ಎರಡು ಔಷಧಿ ಸೇರಿದ’ ಸ್ಪ್ರೇ ಅಂತ ಒಂದಿದೆ. ಮಿನಾಕ್ಸಿಡಿಲ್ ಜೊತೆ ಫಿನಾಸ್ಟರೈಡ್ ಹಾಕಿರೋದು. ಇದು ಬರೀ ಬಾಟಲಿ ಬದಲಾವಣೆ ಅಲ್ಲ, ಬೇರೆ ಔಷಧಿ. ಬೇರನ್ನ ಸಣ್ಣ ಮಾಡೋ ಡಿಎಚ್‌ಟಿ ಅನ್ನೋ ಹಾರ್ಮೋನನ್ನ ಕಡಿಮೆ ಮಾಡುತ್ತೆ. ಫಿನಾಸ್ಟರೈಡ್‌ಗೆ ಮಾತ್ರೆಯಾಗಿ 1997ರಿಂದ ಗಂಡಸರ ಕೂದಲಿಗೆ ಒಪ್ಪಿಗೆ ಇದೆ. ಹಚ್ಚೋ ರೂಪಕ್ಕೆ ಎಫ್‌ಡಿಎ ಒಪ್ಪಿಗೆ ಇಲ್ಲ, ಅಲ್ಲದೆ ಫಾರ್ಮಸಿಗಳು ಬೆರೆಸಿಕೊಡೋ ಇಂಥ ಔಷಧಿ ಬಗ್ಗೆ 2025ರಲ್ಲಿ ಅವರೇ ಎಚ್ಚರಿಕೆ ಕೊಟ್ಟರು. ನೆತ್ತಿಗೆ ಹಚ್ಚಿದರೂ ಸ್ವಲ್ಪ ರಕ್ತಕ್ಕೆ ಸೇರುತ್ತೆ, ಲೈಂಗಿಕ ಆಸಕ್ತಿ ಕುಗ್ಗೋದು, ಮನಸ್ಸು ಕುಗ್ಗೋದು ಇಂಥ ದೂರು ಬಂದಿವೆ, ಹಚ್ಚಿದವರಿಂದ ಮನೆಯವರಿಗೂ ತಗಲಬಹುದು ಅಂತ. ಗಂಡು ಭ್ರೂಣದ ಬೆಳವಣಿಗೆಗೆ ಇದು ಅಪಾಯ, ಹಾಗಾಗಿ ಬಸುರಿಯರು ಮುಟ್ಟಲೇಬಾರದು. ನಾವು ಎರಡನೇ ಮಗುವಿನ ಯೋಚನೆಯಲ್ಲಿದ್ದೆವು, ಮೊದಲನೆಯವನು ನನ್ನ ಹೆಗಲೇರಿ ತಲೆ ಹಿಡಿದುಕೊಂಡೇ ಮನೆಯೆಲ್ಲಾ ಸುತ್ತೋನು. ಡಾಕ್ಟರ್ ಆ ವಿಷಯ ತೆಗೆದಾಗ ಇದನ್ನೇ ಹೇಳಿ ಬೇಡ ಅಂದೆ, ಅವರೂ ಸರಿ ಅಂದರು. ನಿಮ್ಮ ಮನೆ ಬೇರೆ ಇರಬಹುದು. ಆದರೆ ಇದನ್ನ ಡಾಕ್ಟರನ್ನ ಕೇಳದೆ ನೀವೇ ತರಿಸಿಕೊಳ್ಳಬೇಡಿ.

ಸೀರಮ್‌ಗಳ ಬಗ್ಗೆ ಜಾಸ್ತಿ ಹೇಳಲ್ಲ. ಕೆಫೀನ್, ಪೆಪ್ಟೈಡ್, ಯಾವುದೋ ಗಿಡದ ಸಾರ. ಅಂದದ ಬಾಟಲಿ, ಒಳ್ಳೇ ವಾಸನೆ. ಮಿನಾಕ್ಸಿಡಿಲ್ ಹಿಂದೆ ಇರೋವಷ್ಟು ಪರೀಕ್ಷೆ ಅವುಗಳ ಹಿಂದೆ ಇಲ್ಲ. ಹಚ್ಚಿಕೊಂಡರೆ ಹಾನಿ ಏನಿಲ್ಲದೇ ಇರಬಹುದು, ಅದನ್ನ ನಂಬಿ ಎರಡು ವರ್ಷ ಕಳೆದರೆ ಅದೇ ಹಾನಿ.

ಒಂದು ವಿಷಯ ಮಾತ್ರ ಬಿಡಬಾರದು. ಕೆಲವರಿಗೆ ಯಾವ ರೂಪದ ಮಿನಾಕ್ಸಿಡಿಲ್ ಹಚ್ಚಿದರೂ ಏನೂ ಆಗಲ್ಲ. ಅದು ಹಚ್ಚಿದ ರೂಪದಲ್ಲೇ ಕೆಲಸ ಮಾಡಲ್ಲ, ಬೇರಿನ ಹತ್ತಿರ ಇರೋ ಸಲ್ಫೋಟ್ರಾನ್ಸ್‌ಫರೇಸ್ ಅನ್ನೋ ಕಿಣ್ವ ಅದನ್ನ ಮಿನಾಕ್ಸಿಡಿಲ್ ಸಲ್ಫೇಟ್ ಆಗಿ ಬದಲಾಯಿಸಬೇಕು. ಆ ಕಿಣ್ವ ಕಡಿಮೆ ಇದ್ದವರಿಗೆ ಫಲ ಕಡಿಮೆ. ಇಂಥವರು ಲಿಕ್ವಿಡ್ ಬಿಟ್ಟು ಫೋಮ್, ಫೋಮ್ ಬಿಟ್ಟು ಸ್ಪ್ರೇ ಅಂತ ಸುತ್ತಿದರೆ ಖರ್ಚು ಅಷ್ಟೇ. ರೂಪ ಬದಲಿಸಬೇಕಾದ್ದು ಚರ್ಮ ತಡೆಯದಿದ್ದರೆ, ದಿನಾ ಹಚ್ಚೋಕೆ ಆಗದಿದ್ದರೆ. ಆರು ತಿಂಗಳು ನಿಜವಾಗಿ ಹಚ್ಚಿಯೂ, ಅಂದರೆ ಆರು ಬಾಟಲಿ ನಿಜವಾಗಿ ಖಾಲಿಯಾಗಿಯೂ ಏನೂ ಕಾಣದಿದ್ದರೆ ಪ್ರಶ್ನೆ ಬೇರೆ, ಅದನ್ನ ಡಾಕ್ಟರ ಮುಂದೆ ಇಡಿ. ಈಗ ಕೆಲವರಿಗೆ ಸಣ್ಣ ಡೋಸಿನ ಮಿನಾಕ್ಸಿಡಿಲ್ ಮಾತ್ರೆ ಕೊಡುತ್ತಾರೆ, ಬಿಪಿ, ಹೃದಯ ಎಲ್ಲಾ ನೋಡಿ.

ನಿಲ್ಲಿಸಿದರೆ ಬಂದ ಕೂದಲು ಮೂರು ನಾಲ್ಕು ತಿಂಗಳಲ್ಲಿ ಹೋಗುತ್ತೆ. ಇದನ್ನ ಶುರು ಮಾಡೋಕೆ ಮೊದಲೇ ಯಾರಾದರೂ ಗಟ್ಟಿಯಾಗಿ ಹೇಳಬೇಕಿತ್ತು. ಕೋರ್ಸ್ ಮುಗಿಸಿ ಎದ್ದು ಹೋಗೋ ಔಷಧಿ ಅಲ್ಲ ಇದು. ಹಾಗಾಗಿ ಅಂಗಡಿಯಲ್ಲಿ ನಿಂತು ಬಾಟಲಿ ಎತ್ತಿಕೊಳ್ಳುವಾಗ ನಾನು ಈಗ ಕೇಳಿಕೊಳ್ಳೋದು ಶೇಕಡಾ ಎಷ್ಟು ಅಂತಲ್ಲ. ಜ್ವರ ಬಂದ ದಿನ, ಮದುವೆಗೆ ಹೊರಟ ದಿನ, ರಾತ್ರಿ ಹನ್ನೊಂದಕ್ಕೆ ಸುಸ್ತಾಗಿ ಮನೆಗೆ ಬಂದ ದಿನ ಇದನ್ನ ಹಚ್ತೀನಾ ಅಂತ. ಲಿಕ್ವಿಡ್‌ಗೆ ನನ್ನ ಉತ್ತರ ‘ಇಲ್ಲ, ಹಚ್ಚಲ್ಲ’ ಅಂತಿತ್ತು.

ನನ್ನ ನೆತ್ತಿ ಜಾಹೀರಾತಿನವರ ಥರ ತುಂಬಿಲ್ಲ. ಪ್ರತಿ ತಿಂಗಳ ಒಂದನೇ ತಾರೀಖು ಅದೇ ಕಿಟಕಿ ಹತ್ತಿರ, ಅದೇ ಹೊತ್ತಲ್ಲಿ, ಒಣಗಿದ ಕೂದಲಲ್ಲಿ ಹೆಂಡತಿ ಒಂದು ಫೋಟೊ ತೆಗೆಯುತ್ತಾಳೆ. ಮೊದಲ ಫೋಟೊದಲ್ಲಿ ಸುಳಿಯ ಸುತ್ತ ಚರ್ಮ ಹೊಳೆಯುತ್ತಿದೆ. ಈಗಿನದರಲ್ಲಿ ಹೊಳಪು ಕಡಿಮೆ, ಸಣ್ಣ ಕೂದಲು ನೆಟ್ಟಗೆ ನಿಂತಿವೆ. ಇದ್ದದ್ದು ಉಳಿದಿದೆ, ಸ್ವಲ್ಪ ಬಂದಿದೆ. ನನಗೆ ಸಾಕು.

ಮೊನ್ನೆ ಬೆಳಿಗ್ಗೆ ಅಕ್ಕ ಫೋನ್ ಮಾಡಿದಾಗ ಹಿಂದೆ ಏನೋ ಪರಪರ ಸದ್ದು. ಏನದು ಅಂದೆ. ‘ನಾನು ತಲೆಗೆ ಹಚ್ಕೋತಿದೀನಿ ಕಣೋ, ಅವಳು ಹೊರಗೆ ಬಾಗಿಲು ಕೆರೀತಿದಾಳೆ. ಇನ್ನೂ ಮೂರು ಸಾಲು ಇದೆ, ತಡಿ’ ಅಂದು ಫೋನನ್ನ ಎಲ್ಲೋ ಇಟ್ಟಳು. ಬೆಕ್ಕು ಕೂಗೋದನ್ನ ಕೇಳುತ್ತಾ ನಾನೂ ನನ್ನ ಬೆರಳಿಗೆ ತಣ್ಣೀರು ಬಿಟ್ಟುಕೊಂಡೆ.